ಪ್ರೆಸೆಂಟ್ ಕಂಡಿಷನ್

ಕಳೆದ ತಿಂಗಳು ದಾಂಡೇಲಿಯಲ್ಲಿ ನಮ್ಮ ಹಳೆಯ ಸಾಲುಮನೆಗಳ ಮಂದಿ ಸೇರಿ ಒಂದು ಶೋಕಸಭೆ ಮಾಡಿದರು. ಮೂವತ್ತು ಕುರ್ಚಿ, ಒಂದು ಮೈಕು, ಹಾರ ಹಾಕಿದ ಒಂದು ಫೋಟೋ. ನನಗೆ ಎರಡು ನಿಮಿಷ ಕೊಟ್ಟಿದ್ದರು. ನಿವೃತ್ತ ಕನ್ನಡ ಮಾಸ್ತರನಿಗೆ ಎರಡು ನಿಮಿಷ ಕೊಡುವುದು ಆಕಳಿಗೆ ಎರಡು ಎಸಳು ಹುಲ್ಲು ತೋರಿಸಿದಂತೆ. ನಾನು ಹನ್ನೊಂದು ನಿಮಿಷ ತೆಗೆದುಕೊಂಡೆ. ಸತ್ತವರ ಇಂಗ್ಲಿಷಿನ ಕಥೆ ಹೇಳಿದೆ. ಜನ ಬಿದ್ದು ಬಿದ್ದು ನಕ್ಕರು. ಶೋಕಸಭೆಯಲ್ಲಿ ಇಷ್ಟು ನಗಿಸಿದ ಭಾಷಣಕಾರ ಈ ತಾಲೂಕಿನಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ ಎಂಬ ಸಣ್ಣ ಅಹಂಕಾರದೊಂದಿಗೆ ಮನೆಗೆ ಬಂದೆ. ಚಪ್ಪಲಿ ಬಿಡುವಾಗ ಅನ್ನಿಸಿತು, ನಾನು ಹೇಳಿದ್ದು ಅರ್ಧ ಕಥೆ. ಅದೂ ತಪ್ಪು ಅರ್ಧ. ಉಳಿದದ್ದನ್ನು ಇಲ್ಲಿ ಬರೆದು ಪಾಪ ತೊಳೆದುಕೊಳ್ಳುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಅವರನ್ನು ಹೆಸರಿನಿಂದ ಕರೆದದ್ದನ್ನು ನಾನು ಕೇಳಿದವನೂ ಅಲ್ಲ. ಚಿಕ್ಕವರಿಗೆ ಅವರು ಫಿಟರ್ ಮಾಮಾ, ನಮ್ಮಂಥವರಿಗೆ ಫಿಟರ್ರು. ಧಾರವಾಡದ ಕಡೆಯ ಹಳ್ಳಿಯಿಂದ ಬಂದು ಕಾಗದದ ಕಾರ್ಖಾನೆಯಲ್ಲಿ ಪಂಪುಗಳನ್ನು ನೋಡಿಕೊಳ್ಳುತ್ತಿದ್ದರು. ನನ್ನ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ನಾನು ಸೀನುತ್ತಿದ್ದೆ.

ಫಿಟರ್ರು ಎಂದರೆ ನನಗೆ ಮೊದಲು ಕಣ್ಣಿಗೆ ಬರುವುದು ಅವರ ಸ್ಕ್ರೂಡ್ರೈವರು. ಮೊಳದುದ್ದದ್ದು. ಅದರ ತುದಿಯನ್ನು ಓಡುವ ಯಂತ್ರದ ಮೇಲಿಟ್ಟು, ಹಿಡಿಕೆಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತರೆ ಒಳಗಿನ ಬೇರಿಂಗು ಏನು ಹೇಳುತ್ತಿದೆ ಎಂದು ಅವರಿಗೆ ತಿಳಿಯುತ್ತಿತ್ತು. ಕಾರ್ಖಾನೆಯ ಈ ವಿದ್ಯೆಯನ್ನು ಅವರು ಇಡೀ ಓಣಿಗೆ ಉಚಿತವಾಗಿ ಹಂಚಿದ್ದರು. ನಮ್ಮ ಮಿಕ್ಸರಿಗೆ ಕಿವಿ ಕೊಟ್ಟರು, ಫ್ರಿಜ್ಜಿಗೆ ಕೊಟ್ಟರು, ನನ್ನ ಸ್ಕೂಟರಿಗೆ ಕೊಟ್ಟು ಬಹಳ ಹೊತ್ತು ಸುಮ್ಮನೆ ನಿಂತು, ಮರಣಶಯ್ಯೆಯ ಪಕ್ಕದಿಂದ ಏಳುವ ಡಾಕ್ಟರರಂತೆ ತಲೆಯಾಡಿಸಿದರು.

"ಮನುಷ್ಯಾರಿಗೆ ಹಚ್ಚಿ ನೋಡಾಕ ಬರತೈತೇನ್ರಿ?" ಎಂದು ಒಮ್ಮೆ ಕೇಳಿದೆ.

"ಮನುಷ್ಯಾರು ಭಾಳ ಸಪ್ಪಳ ಮಾಡ್ತಾರ್ರಿ ಮಾಸ್ತರ್ರ. ಒಳಗಿಂದು ಕೇಳಸೂದಿಲ್ಲ," ಎಂದರು.

ಇಂಥ ಮನುಷ್ಯ ಒಂದು ಸಂಜೆ ಒಂದು ಇಂಗ್ಲಿಷ್ ಶಬ್ದವನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಮನೆಗೆ ಬಂದರು. ಅಕ್ಷರಶಃ ಕೈಯಲ್ಲಿ. ಅಂಗೈ ಮೇಲೆ ಬಾಲ್‌ಪೆನ್ನಿನಿಂದ ಬರೆದುಕೊಂಡಿದ್ದರು. ವಿಷಯವೇನೆಂದರೆ, ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಹೋಗುವವನು ಮುಂದಿನ ಪಾಳಿಯವನಿಗಾಗಿ ಒಂದು ರಿಜಿಸ್ಟರಿನಲ್ಲಿ ಪ್ರತಿ ಪಂಪಿನ ಎದುರು ಅದರ ಸ್ಥಿತಿ ಬರೆದಿಟ್ಟು ಹೋಗಬೇಕು. ಆ ಅಂಕಣದ ಮೇಲೆ 'ಪ್ರೆಸೆಂಟ್ ಕಂಡಿಷನ್' ಎಂದು ಅಚ್ಚಾಗಿತ್ತು. ಫಿಟರ್ರು ಅಲ್ಲಿ ಪ್ರತಿ ಪಂಪಿನ ಜೀವನಚರಿತ್ರೆ ಬರೆಯುತ್ತಿದ್ದರು: ಸೋಮವಾರ ಹೇಗಿತ್ತು, ಯಾರು ಬಿಚ್ಚಿದರು, ಯಾರು ಬಿಚ್ಚಬಾರದಿತ್ತು, ಮುಂದೆ ಏನಾಗುವ ಭಯವಿದೆ. ಹೊಸದಾಗಿ ಬಂದ ಸಾಹೇಬರು ಕರೆದು, ಈ ಎರಡು ಶಬ್ದದ ಅರ್ಥ ತಿಳಿದುಕೊಂಡು ಅಷ್ಟನ್ನೇ ಬರೆಯಿರಿ ಎಂದಿದ್ದರು. ಕಂಡಿಷನ್ ಅವರಿಗೆ ಗೊತ್ತಿತ್ತು. ಉಳಿದದ್ದು ಪ್ರೆಸೆಂಟ್.

"ಪ್ರೆಸೆಂಟ್ ಅಂದ್ರ ಈಗಿನ," ಎಂದೆ ನಾನು, ಒಂದು ಭಾಷೆಯ ಬಾಗಿಲನ್ನೇ ತೆರೆದುಕೊಟ್ಟವನ ಗತ್ತಿನಲ್ಲಿ.

"ಈಗಂದ್ರ ಯಾವಾಗಿಂದ ಯಾವಾಗಿನತನಕ್ರಿ?"

ಮೂವತ್ತು ವರ್ಷ ವರ್ತಮಾನ ಕಾಲ ಕಲಿಸಿದವನು ನಾನು. ಈ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. "ನೀವು ಬರಿಯೂ ಹೊತ್ತಿಗೆ ಹೆಂಗೈತೋ ಹಂಗ," ಎಂದೆ.

"ಬರದು ಮುಗಸೂದ್ರಾಗ ಕೆಟ್ಟರ?"

"ಅದು ಮುಂದಿನ ಪಾಳಿಯವನ ಪ್ರೆಸೆಂಟ್."

ಅವರು ಅಂಗೈ ನೋಡಿಕೊಂಡರು. "ಅಂದ್ರ, ಹಿಂದ ಆಗಿದ್ದು ಇಲ್ಲ ಅಂತಲ್ಲ. ಇಲ್ಲೆ ಬರಿಯೂದಲ್ಲ, ಅಷ್ಟ."

"ಅಷ್ಟ."

"ಚಲೋ ಐತಲ್ರಿ ಈ ಶಬ್ದ," ಎಂದು ಎದ್ದು ಹೋದರು. ನಾನು ಒಂದು ಪುಣ್ಯಕಾರ್ಯ ಮಾಡಿದೆನೆಂದು ತಿಳಿದು ಊಟಕ್ಕೆ ಕುಳಿತೆ.

ಮುಂದಿನ ವಾರದಿಂದ ಆ ಶಬ್ದ ಕಾರ್ಖಾನೆಯ ಗೇಟು ದಾಟಿ ಓಣಿಗೆ ಬಂತು. ಹೇಗಿದ್ದೀರಿ ಎಂದರೆ, "ಪ್ರೆಸೆಂಟ್ ಕಂಡಿಷನ್ ಚಲೋ ಐತ್ರಿ." ಮಳೆ ಬರುತ್ತದೆಯೇ ಎಂದರೆ, "ಪ್ರೆಸೆಂಟ್ ಇಲ್ಲ." ಮನೆಯ ವಿಳಾಸ ಕೇಳಿದ ಪೋಸ್ಟಿನವನಿಗೆ, "ಪ್ರೆಸೆಂಟ್ ಮನಿ ಇದ ನೋಡ್ರಿ." ಇಷ್ಟನ್ನು ನಾನು ಗುರುದಕ್ಷಿಣೆ ಎಂದು ಸ್ವೀಕರಿಸಬಹುದಿತ್ತು. ಆದರೆ ಒಂದು ದಿನ ನನ್ನ ಮನೆಗೆ ಬಂದ ಅತಿಥಿಯೊಬ್ಬರಿಗೆ ತಮ್ಮ ಹೆಂಡತಿಯನ್ನು ತೋರಿಸಿ, "ಇವ್ರು ನಮ್ಮ ಪ್ರೆಸೆಂಟ್ ಮನಿಯಾಕಿ," ಎಂದರು.

ಅತಿಥಿ ನನ್ನ ಮುಖ ನೋಡಿದರು. ನಾನು ಚಾವಣಿ ನೋಡಿದೆ. ಅಕ್ಕಾರು, ಅಂದರೆ ಫಿಟರ್ರ ಹೆಂಡತಿ, ಮಾತ್ರ ಏನೂ ಆಗದವರಂತೆ ಸೆರಗು ಸರಿಮಾಡಿಕೊಂಡು, "ಬರ್ರಿ, ಚಹಾ ಕುಡದು ಹೋಗೀರಂತ," ಎಂದರು.

ಅಂದೇ ತಿದ್ದಿದೆ. "ಫಿಟರ್ರ, ಹೆಂಡತಿಗೆ ಆ ಶಬ್ದ ಹಚ್ಚಬಾರದು."

"ಯಾಕ್ರಿ? ಈಗಿನ ಅಂತಲ್ಲೇನು?"

"ಹೌದು. ಆದ್ರ ಕೇಳಿದವ್ರಿಗೆ ಬ್ಯಾರೆ ಅರ್ಥ ಬರತೈತಿ."

ಅವರು ಕೈಯೊಳಗಿನ ಅರಿವೆಯ ತುಂಡಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸುತ್ತ, "ಹಂಗೇನ್ರಿ," ಎಂದರು. ಒಪ್ಪಿದರೋ ಬಿಟ್ಟರೋ ತಿಳಿಯಲಿಲ್ಲ. ಮರುವಾರ ಅದೇ ಮಾತು. ಮತ್ತೆ ತಿದ್ದಿದೆ. ಹೀಗೆ ವರ್ಷಗಳು ಉರುಳಿದವು. ಓಣಿಯಲ್ಲಿ ಅದೊಂದು ಸ್ಥಿರಾಸ್ತಿಯಾಗಿ ನಿಂತಿತು. ಹೊಸದಾಗಿ ಲಗ್ನವಾದವನಿಗೆ, "ಏನಪಾ, ಪ್ರೆಸೆಂಟ್ ಮನಿಯಾಕಿ ಆರಾಮ ಅದಾಳ?" ಎಂದು ಕೇಳುವುದು ನಮ್ಮ ಸಾಲುಮನೆಗಳ ಸಂಪ್ರದಾಯವೇ ಆಯಿತು. ಫಿಟರ್ರ ಒಬ್ಬಳೇ ಮಗಳು ಕೂಡ ಗೆಳತಿಯರ ಎದುರು ಅಪ್ಪನ ದನಿ ತೆಗೆದು ಆ ಮಾತು ಆಡಿ ನಗಿಸುತ್ತಿದ್ದಳು. ನನಗೆ ಮಾತ್ರ ಗೊಂದಲ ಹೋಗಲಿಲ್ಲ. ಎಲ್ಲ ಯಂತ್ರಗಳ ಒಳದನಿ ಕೇಳುವ ಮನುಷ್ಯನಿಗೆ ಇಷ್ಟು ಸಣ್ಣ ತಪ್ಪು ಯಾಕೆ ಕೇಳಿಸುವುದಿಲ್ಲ? ಈ ಕುರಿತು ನಾನು ಮನಸ್ಸಿನಲ್ಲೇ ಹಲವು ಆಯೋಗಗಳನ್ನು ನೇಮಿಸಿದೆ. ಯಾವುದೂ ವರದಿ ಒಪ್ಪಿಸಲಿಲ್ಲ.

ಆ ಮಗಳು ನನ್ನ ವಿದ್ಯಾರ್ಥಿನಿ. ನರ್ಸಿಂಗ್ ಮುಗಿಸಿ ಹಳಿಯಾಳದ ಒಂದು ದವಾಖಾನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಫಿಟರ್ರ ನೌಕರಿ ಮುಗಿಯಲು ಆರು ತಿಂಗಳಿತ್ತು. ಅದು ಮುಗಿದರೆ ಕಾರ್ಖಾನೆ ಕೊಟ್ಟ ಮನೆ ಬಿಡಬೇಕು. ಇದೇ ಓಣಿಯಲ್ಲಿ, ಈ ಮಂದಿಯ ನಡುವೆಯೇ ಮಗಳ ಲಗ್ನವಾಗಲಿ ಎನ್ನುವುದು ಗಂಡಹೆಂಡಿರ ಒಂದೇ ಆಸೆ. ಆದರೆ ಎರಡು ಕಡೆಯವರು ಬಂದು ನೋಡಿ ಹೋಗಿ ಮತ್ತೆ ಫೋನು ಮಾಡಿರಲಿಲ್ಲ. ಹುಡುಗಿಯಲ್ಲಿ ಕೊರತೆಯಿರಲಿಲ್ಲ. ಮೊದಲನೆಯವರು, "ಹುಡುಗಿ ನಮ್ಮ ಮನಿಯಾಗ ಹೊಂದಿಕೊಂಡು ಹೋಗತಾಳಲ್ರಿ?" ಎಂದು ಕೇಳಿದ್ದಕ್ಕೆ ಅಪ್ಪ, "ಪ್ರೆಸೆಂಟ್ ಹೇಳಾಕ ಬರೂದಿಲ್ರಿ," ಎಂದಿದ್ದರು. ಎರಡನೆಯವರು, "ಮುಂದ ನಮ್ಮ ನಿಮ್ಮ ಸಂಬಂಧ ಗಟ್ಟಿ ಇರತೈತಿ, ಏನಂತೀರಿ?" ಎಂದಾಗ, "ಅದು ಮುಂದಿನ ಪಾಳಿ," ಎಂದು ಉತ್ತರ ಕೊಟ್ಟಿದ್ದರು.

ಮೂರನೆಯದು ತೇರಗಾಂವದ ಸಂಬಂಧ. ಹುಡುಗ ಮುಂಡಗೋಡದ ಕಡೆ ದನದ ದವಾಖಾನೆಯಲ್ಲಿ ನೌಕರಿಗಿದ್ದ. ಹಿಂದಿನ ದಿನ ಅಕ್ಕಾರು ನನ್ನನ್ನು ಕಟ್ಟೆಯ ಮೇಲೆ ಹಿಡಿದು ನಿಲ್ಲಿಸಿದರು.

"ಅಣ್ಣಾರ, ನೀವು ನಾಳೆ ಇವ್ರ ಬಾಜೂಕ ಕುಂಡರ್ರಿ. ಇವ್ರು ಬಾಯಿ ತಗದ್ರ ನೀವು ಮುಂದ ಆಗ್ರಿ. ಈ ಸಂಬಂಧ ತಪ್ಪಿ ಹೋಗಬಾರದು. ಫೋಟೋ ನೋಡಿ ಆಕಿಗೂ ಹುಡುಗ ಮನಸ್ಸಿಗೆ ಬಂದಾನ."

ಒಂದು ಇಂಗ್ಲಿಷ್ ಶಬ್ದವನ್ನು ತಡೆಯುವ ಕರ್ತವ್ಯಕ್ಕೆ ನನ್ನನ್ನು ನೇಮಿಸಲಾಯಿತು. ಅದನ್ನು ಓಣಿಗೆ ಹರಿಯಬಿಟ್ಟವನೂ ನಾನೇ ಆದ್ದರಿಂದ ನ್ಯಾಯವೇ ಸರಿ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

ಬಂದವರು ಮೂವರು: ಹುಡುಗ, ಮಿಲಿಟರಿಯಲ್ಲಿದ್ದು ಬಂದ ಅವನ ಸೋದರಮಾವ, ಆ ಮಾವನ ತಾಯಿ, ಅಂದರೆ ಹುಡುಗನ ಅಜ್ಜಿ, ಎಲ್ಲರ ಬಾಯಲ್ಲಿ ಆಯಿ. ಅಡಿಗೆಮನೆಯಲ್ಲಿ ನನ್ನ ಹೆಂಡತಿ ಒಗ್ಗರಣೆ ಅವಲಕ್ಕಿಗೆ ಕೈಜೋಡಿಸಿದ್ದಳು. ಮೊದಲ ಅರ್ಧ ಗಂಟೆ ನಾನು ಅಪ್ರತಿಮ ಸೇವೆ ಸಲ್ಲಿಸಿದೆ. ಮಳೆ, ಭತ್ತ, ಬಸ್ಸಿನ ಸಮಯ, ಅತ್ತಿವೇರಿ ಪಕ್ಷಿಧಾಮಕ್ಕೆ ಈ ವರ್ಷ ಹಕ್ಕಿ ಬಂದವೋ ಇಲ್ಲವೋ, ಎಲ್ಲ ಪ್ರಶ್ನೆಗೂ ನಾನೇ ಉತ್ತರ ಕೊಟ್ಟೆ. ಕೆಲವು ಪ್ರಶ್ನೆಗಳನ್ನು ಯಾರೂ ಕೇಳಿರಲೂ ಇಲ್ಲ. ಆಗ ಅಕ್ಕಾರು ನೀರಿನ ತಂಬಿಗೆ ತಂದಿಟ್ಟರು.

"ಇವ್ರು?" ಎಂದರು ಮಾವ.

ನಾನು ಬಾಯಿ ತೆರೆದೆ. ಬಾಯಲ್ಲಿ ಅವಲಕ್ಕಿ ಇತ್ತು.

"ಇವ್ರು ನಮ್ಮ ಪ್ರೆಸೆಂಟ್ ಮನಿಯಾಕಿ," ಎಂದರು ಫಿಟರ್ರು.

ಮಿಲಿಟರಿ ಮಾವ ತಂಬಿಗೆ ಕೆಳಗಿಟ್ಟರು. "ಪ್ರೆಸೆಂಟ್ ಅಂದ್ರ? ಹಿಂದ ಇನ್ನೊಬ್ಬಾಕಿ ಇದ್ಲೇನು?"

ಅವಲಕ್ಕಿ ನುಂಗಿ ನಾನು ಎದ್ದು ನಿಂತೆ. ಆಂಗ್ಲ ವಿಶೇಷಣಗಳನ್ನು ಕನ್ನಡಿಗರು ಬಳಸುವಾಗ ಆಗುವ ಪ್ರಮಾದಗಳ ಬಗ್ಗೆ, ರಿಜಿಸ್ಟರಿನ ಬಗ್ಗೆ, ಫಿಟರ್ರ ಮುಗ್ಧತೆಯ ಬಗ್ಗೆ, ಒಟ್ಟಾರೆ ಇದು ಕೇವಲ ಅಭ್ಯಾಸಬಲವೇ ಹೊರತು ಅರ್ಥವಿಲ್ಲದ್ದು ಎಂಬ ಬಗ್ಗೆ ದೀರ್ಘವಾಗಿ ವಿವರಿಸಿದೆ. ಫಿಟರ್ರು ತಲೆ ಬಗ್ಗಿಸಿ ನಾನು ಮಾತು ನಿಲ್ಲಿಸುವುದನ್ನು ಕಾದರು. ನಿಲ್ಲಿಸಿದ ಮೇಲೆ ಹೇಳಿದರು:

"ಇದ್ಲರಿ."

ನಾನು ಕುಳಿತೆ.

"ಊರಾಗಿದ್ದಾಗ ಲಗ್ನ ಆಗಿತ್ರಿ. ಒಂದೂವರಿ ವರ್ಷ ಸಂಸಾರ ಮಾಡಿದ್ಲು. ಜ್ವರಾ ಬಂತು, ಹೋದ್ಲು. ಆಮ್ಯಾಲ ನಾ ಈ ಊರಿಗೆ ಬಂದೆ. ಎರಡು ವರ್ಷಕ್ಕ ಇವ್ರನ್ನ ಮಾಡ್ಕೊಂಡೆ."

ಮಾವನ ಮುಖ ಗಡುಸಾಯಿತು. "ಇಂಥಾದ್ದನ್ನ ಮುಚ್ಚಿಟ್ಟು ಹೆಣ್ಣ ತೋರಸಾಕತ್ತೀರೇನ್ರಿ? ಇನ್ನ ಏನೇನು ಮುಚ್ಚಿಟ್ಟೀರಿ?"

ಫಿಟರ್ರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಎಲ್ಲಿ ಮುಚ್ಚಿಟ್ಟೇನ್ರಿ? ಇಷ್ಟ ವರ್ಷ ಕಂಡಕಂಡವ್ರ ಮುಂದ ಹೇಳಕೋತ ಬಂದೇನಿ. ಇವ್ರ, ಈ ಮಾಸ್ತರ್ರ, ಪ್ರತಿ ಸಲ ಬ್ಯಾಡ ಬ್ಯಾಡ ಅಂತಿದ್ರು. ಸತ್ತಾಕಿನ್ನ ಯಾಕ ಎತ್ತತೀರಿ ಅಂತ ಹೇಳ್ತಾರೇನೋ ಅಂದ್ಕೊಂಡಿದ್ದೆ."

ಸರಿಯಾದ ಒಂದು ವಾಕ್ಯವನ್ನು ವರ್ಷಗಟ್ಟಲೆ ಕೆಂಪು ಶಾಯಿಯಲ್ಲಿ ತಿದ್ದಿದ ಮಾಸ್ತರನ ಮುಖ ಆ ಹೊತ್ತಿಗೆ ಹೇಗಿತ್ತೆಂದು ನನಗೆ ಗೊತ್ತಿಲ್ಲ. ಯಾರೂ ಅದನ್ನು ನೋಡುತ್ತಿರಲಿಲ್ಲ.

"ಮದಲ ನನ್ನ ಹತ್ರ ಶಬ್ದ ಇರಲಿಲ್ರಿ," ಎಂದರು ಫಿಟರ್ರು ಮಾವನಿಗೆ, ಪಂಪಿನ ದೋಷ ವಿವರಿಸುವ ದನಿಯಲ್ಲಿ. "ಎರಡನೇದಾಕಿ ಅಂದ್ರ ಇಕಿ ಸಣ್ಣಾಕಿ ಆಗತಾಳ. ಬರೇ ನನ್ನ ಹೆಂಡತಿ ಅಂದ್ರ, ಆಕಿ ಇರಲೇ ಇಲ್ಲ ಅಂದಂಗ ಆಗತೈತಿ. ಹೇಳಾಕ ಬಾಯಿ ಬರತಿರಲಿಲ್ಲ. ಮಾಸ್ತರ್ರು ಈ ಶಬ್ದ ಕೊಟ್ಟಮ್ಯಾಲ ವಾಶರ್ ಕುಂತಂಗ ಕುಂತಿತು ನೋಡ್ರಿ."

ಮಾವ ಏಳಲು ಮೊಣಕಾಲಿನ ಮೇಲೆ ಕೈಯೂರಿದ್ದರು. ಆಗ ಇಲ್ಲಿಯತನಕ ಅವಲಕ್ಕಿಯಲ್ಲಿ ಶೇಂಗಾ ಆರಿಸುತ್ತಿದ್ದ ಆಯಿ ತಲೆಯೆತ್ತಿದರು.

"ಕೂಡೋ. ಮಿಲಿಟರಿಯಾಗ ಕಣ್ಣ ತಗೊಂಡು ಕಳಿಸ್ಯಾರೇನು ನಿಂದು? ಆಕಿ ಕೊರಳಾಗ ನೋಡು."

ಅಕ್ಕಾರ ತಾಳಿಯ ಪಕ್ಕದಲ್ಲಿ, ಕರಿಮಣಿಯ ನಡುವೆ, ಉಗುರಿನಷ್ಟು ಅಗಲದ ಒಂದು ಬೆಳ್ಳಿ ಬಿಲ್ಲೆ ಇತ್ತು. ನಾನು ಅದನ್ನು ದಿನಾ ನೋಡಿದ್ದೆ, ಎಂದೂ ಕಂಡಿರಲಿಲ್ಲ. ಹಿಂದಿನವಳು ತೀರಿಕೊಂಡ ಮನೆಗೆ ಬಂದ ಹೆಂಡತಿ ಆಕೆಯ ಹೆಸರಿನಲ್ಲಿ ಒಂದು ಬಿಲ್ಲೆ ಮಾಡಿಸಿ ಕೊರಳಲ್ಲಿ ಹಾಕಿಕೊಳ್ಳುವ ಪದ್ಧತಿಯನ್ನು ಆಯಿ ನಾಲ್ಕು ಮಾತಿನಲ್ಲಿ ಮಗನಿಗೆ ತಿಳಿಸಿದರು. "ನಾ ಹೊಸ್ತಿಲಾ ದಾಟಿದಾಗನ ಕಂಡೇನಿ. ಮುಚ್ಚಿಡೂ ಮಂದಿ ಕೊರಳಾಗ ಕಟಗೊಂಡು ಊರ ತುಂಬ ತಿರಗತಾರೇನು?"

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯ ಕಡೆ ನೋಡಿದೆ. ಅವಳು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದಳು. ಅದು ಹೋದ ವರ್ಷದ್ದು. ಓಣಿಯ ಎಲ್ಲ ಹೆಂಗಸರಿಗೂ ಗೊತ್ತಿತ್ತೆಂದು ಆಗ ತಿಳಿಯಿತು. ಗಂಡಸರು ಇಂಗ್ಲಿಷ್ ತಿದ್ದುವುದರಲ್ಲಿ ಮಗ್ನರಾಗಿದ್ದೆವು.

ಮಾವ ಕುಳಿತರು. ಗಂಡಾಂತರ ಕಳೆಯಿತೆಂದು ನಾನು ಉಸಿರು ಬಿಡುವಷ್ಟರಲ್ಲಿ ನನ್ನ ಹೆಂಡತಿಯ ಬೆನ್ನ ಹಿಂದಿನಿಂದ ಚಹಾದ ತಾಟು ಹಿಡಿದು ಹುಡುಗಿ ಹೊರಗೆ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು.

"ನನಗ ಯಾಕ ಹೇಳಲಿಲ್ಲ, ಅಪ್ಪಾ?"

"ನಿನ್ನ ಮುಂದನ ನೂರಾ ಎಂಟ ಸಲ..."

"ಅದಕ್ಕ ಎಲ್ಲಾರೂ ನಗತಿದ್ರು!" ಎಂದಳು. "ನಾನೂ ನಕ್ಕೇನಿ. ಗೆಳತ್ಯಾರ ಮುಂದ ನಿನ್ನಂಗ ಮಾತಾಡಿ ತೋರಿಸೇನಿ. ಸತ್ತ ಹೆಣಮಗಳ ಮ್ಯಾಲ ನಕ್ಕಂಗ ಆತಲ್ಲ ಅದು? ಯಾರರ ಒಬ್ರು ನನ್ನ ಬಾಯಿ ಹಿಡೀಬಾರದಿತ್ತೇನು?"

ಅವಳು ತಾಟನ್ನು ಟೀವಿಯ ಪಕ್ಕದ ಸ್ಟೂಲಿನ ಮೇಲಿಟ್ಟಳು. "ನನಗ ಇವತ್ತು ಈ ನೋಡೂದು ಬ್ಯಾಡ. ನಮ್ಮ ಮನಿಯಾಗ ಯಾರಿದ್ರು ಅಂತನ ನನಗ ಗೊತ್ತಿಲ್ಲ. ಇನ್ನೊಬ್ರ ಮನಿಗೆ ಹೋಗಿ ನಾ ಏನು ಹೇಳಲಿ?"

ಆರು ತಿಂಗಳು, ಓಣಿ, ಚಪ್ಪರ, ಎಲ್ಲವೂ ಅಕ್ಕಾರ ಮುಖದ ಮೇಲಿನಿಂದ ಹಾದುಹೋದುದನ್ನು ನಾನು ನೋಡಿದೆ. ಅಷ್ಟು ಹೊತ್ತೂ ಒಂದು ಮಾತಾಡದಿದ್ದ ಹುಡುಗ ಆಗ ಬಾಯಿ ಬಿಟ್ಟ. "ಇವತ್ತು ಬ್ಯಾಡಂದ್ರ ಮತ್ತೊಂದಿನ ಬರ್ತೇವ್ರಿ. ಅವಸರಿಲ್ಲ." ದನಗಳ ಜೊತೆ ಕೆಲಸ ಮಾಡಿದವರಿಗೆ ಕಾಯುವುದು ಗೊತ್ತಿರುತ್ತದೆ ಎನಿಸುತ್ತದೆ.

ಹುಡುಗಿ ಅವನ ಕಡೆ ನೋಡಲಿಲ್ಲ. ಅಪ್ಪನನ್ನೇ ನೋಡುತ್ತಿದ್ದಳು. "ಆಕಿ ಹೆಸರರ ಏನಿತ್ತು?"

ಫಿಟರ್ರ ತುಟಿ ಅಲುಗಿತು. ಸಪ್ಪಳ ಬರಲಿಲ್ಲ.

"ನಿಂದನ," ಎಂದರು ಅಕ್ಕಾರು.

"ಏನು?"

"ನಿನ್ನ ಹೆಸರನ ಆಕೀದು. ನೀ ಹುಟ್ಟಿದಾಗ ನಾನ ಇಡಸಿದೆ. ಇವ್ರು ಒಲ್ಲೆ ಒಲ್ಲೆ ಅಂದ್ರು. ನಾ ಕೇಳಲಿಲ್ಲ. ಮನಿಯಾಗ ಒಬ್ರರ ಆ ಹೆಸರ ಕರೀಲಿ ಅಂದೆ."

ಗೋಡೆಯ ಈಚೆ ಅಷ್ಟು ವರ್ಷ ಕಿವಿಯಿಟ್ಟುಕೊಂಡು ಬದುಕಿದವನಿಗೆ ಆಗ ಹೊಳೆಯಿತು: ಅಕ್ಕಾರು ದಿನಕ್ಕೆ ಹತ್ತು ಸಲ ಮಗಳನ್ನು ಹೆಸರು ಹಿಡಿದು ಕೂಗುತ್ತಿದ್ದರು. ಫಿಟರ್ರು ಕೂಗಿದ್ದೇ ಇಲ್ಲ. ಅವರಿಗೆ ಅವಳು ಯಾವಾಗಲೂ ಬೇಬಿ.

ಹುಡುಗಿ ಒಂದು ಕಪ್ಪಿಗೆ ಬೆರಳು ತಾಗಿಸಿ, ಯಾರಿಗೂ ಅಲ್ಲದಂತೆ, "ಚಹಾ ಆರೇತಿ," ಎಂದು ತಾಟು ಎತ್ತಿಕೊಂಡು ಒಳಗೆ ಹೋದಳು. ಒಲೆ ಹೊತ್ತಿಸಿದ ಸಪ್ಪಳ ಕೇಳಿತು. ಚಹಾ ಕಾಯುವವರೆಗೆ ಹೊರಗೆ ಕುಳಿತ ನಾವು ಐದು ಮಂದಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನನ್ನ ಬಳಿಯೂ ಆಡಲು ಮಾತಿರಲಿಲ್ಲ. ನನ್ನ ಹೆಂಡತಿ ಇದನ್ನು ಇಂದಿಗೂ ಒಂದು ಪವಾಡವೆಂದು ಎಣಿಸುತ್ತಾಳೆ.

ಬಿಸಿ ಚಹಾ ಬಂತು. ಅವಳು ಆಯಿಗೆ ಕೊಟ್ಟಳು, ಮಾವನಿಗೆ ಕೊಟ್ಟಳು, ಹುಡುಗನಿಗೆ ಕೊಟ್ಟಳು. ಆಯಿ ಬಸಿಯಲ್ಲಿ ಸುರಿದುಕೊಂಡು ಕುಡಿದು, ಬಾಯೊರೆಸಿಕೊಂಡು, "ದೀಪಾವಳಿ ಆದಮ್ಯಾಲ ಇಟ್ಕೊಳ್ಳೂಣು. ಇಲ್ಲೆ, ನಿಮ್ಮ ಓಣ್ಯಾಗನ," ಎಂದರು. ಮಾವ ಏನೋ ಹೇಳಲು ಹೋದರು. ಆಯಿ ಬಸಿ ಅವರ ಕೈಗೆ ಕೊಟ್ಟು ಬಾಯಿ ಮುಚ್ಚಿಸಿದರು. ಆಮೇಲೆ ಹುಡುಗಿಯ ಕಡೆ ತಿರುಗಿದರು.

"ಅಲ್ಲವಾ, ಇಷ್ಟೆಲ್ಲಾ ಆತು, ಕೇಳಬೇಕಾದ್ದ ಕೇಳಲಿಲ್ಲ ನೋಡು ನಾ. ಫೋಟೋದ ಹಿಂದ ಬರದಿದ್ರಂತ, ನನಗ ಓದಾಕ ಬರೂದಿಲ್ಲ. ಏನ ನಿನ್ನ ಹೆಸರು?"

ಹುಡುಗಿ ಕೊನೆಯ ಕಪ್ಪನ್ನು ಅಪ್ಪನ ಮುಂದೆ ಹಿಡಿದುಕೊಂಡು ನಿಂತಿದ್ದಳು.

"ನೀ ಹೇಳಪಾ," ಎಂದಳು.

ಫಿಟರ್ರು ಹೇಳಿದರು.